ರೂವಿಯಿಂದ ಬ್ರಹ್ಮಾವರಕ್ಕೆ
(ಸಂಘದ ಸಂಸ್ಥಾಪನಾ ದಿನಾಚರಣೆಯ ಸಂದರ್ಭದಲ್ಲಿ ಮಸ್ಕತ್ತಿನಲ್ಲಿ ಮಾಡಿದ ಭಾಷಣದ ಬರಹರೂಪ)





ಪ್ರವಾಸದ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಮಸ್ಕತ್ತಿನಲ್ಲಿ ಪ್ರವಾಸ ಎಂದರೆ ನಿಜ್ವಾದ ಕೋಟೆ, ಸಲಾಲಾದ ಮಳೆಗಾಲ, ವಹೀಬಾದ ಮರಳು. ಇವನ್ನು ನೀವೆಲ್ಲ ನನಗಿಂತ ಚೆನ್ನಾಗಿ ನೋಡಿದ್ದೀರಿ. ಯುರೋಪಿಗೆ ಹೋಗಿ ಬಂದವರು ಅಲ್ಲಿನ ಮಹಾ ಇಗರ್ಜಿಗಳ ಚಿತ್ರಗಳನ್ನು ತೋರಿಸಿದ್ದಾರೆ. ನಾನು ಇಂದು ಹೇಳಹೊರಟಿರುವುದು ಕೂಡ ಒಂದು ಕೆಥೆಡ್ರಲ್ ವಿಷಯವೇ. ಆದರೆ ಅದು ರೋಮಿನಲ್ಲಿಲ್ಲ, ಮಾಸ್ಕೋದಲ್ಲಿಲ್ಲ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೂರು ಸಲ ದಾಟಿ ಹೋಗಿರುವ ಬ್ರಹ್ಮಾವರದಲ್ಲಿದೆ. ಅದು ಸೈಂಟ್ ಮೇರೀಸ್ ಆರ್ಥಡಾಕ್ಸ್ ಸಿರಿಯನ್ ಕೆಥೆಡ್ರಲ್.

ನಾನು ಘಟ್ಟದ ಮೇಲಿನವನು. ಈ ಹೆಸರು ನನ್ನ ಕಿವಿಗೆ ಬಿದ್ದದ್ದೇ ಒಮಾನಿಗೆ ಬಂದ ಮೇಲೆ. ಹೇಗೆ ಎಂದು ಹೇಳುತ್ತೇನೆ.

ರೂವಿಯಲ್ಲಿ ಇಗರ್ಜಿಗಳ ಆವರಣವಿದೆ, ಘಾಲಾದಲ್ಲೂ ಇದೆ. ದಿವಂಗತ ಸುಲ್ತಾನ್ ಖಾಬೂಸರು ಕೊಟ್ಟ ನೆಲದಲ್ಲಿ ಕಟ್ಟಿದ ಆರಾಧನಾಲಯಗಳು ಅವು. ಹಳೆಯ ಮಸ್ಕತ್ತಿನ ಶಿವಾಲಯಕ್ಕೂ ದಾರ್ಸೇಟಿನ ಕೃಷ್ಣ ಮಂದಿರಕ್ಕೂ ನಾವು ಹೇಗೆ ನಿರ್ಭಯವಾಗಿ ಹೋಗಿಬರುತ್ತೇವೆಯೋ ಹಾಗೆಯೇ ಕ್ರೈಸ್ತ ಬಂಧುಗಳು ಇಲ್ಲಿಗೆ ಬರುತ್ತಾರೆ. ಈ ದೇಶದಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಗೆ ಸೇರಬೇಕಾದ ಜನವೆಲ್ಲ ಶುಕ್ರವಾರವೇ ಸೇರುತ್ತಾರೆ. ಒಂದೇ ಆವರಣದಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಆರ್ಥಡಾಕ್ಸರು. ಒಂದೇ ಬೆಳಗ್ಗೆ ಮಲಯಾಳ, ತಮಿಳು, ಕೊಂಕಣಿ, ಇಂಗ್ಲಿಷ್. ಅಲ್ಲಿನ ಮಲಯಾಳಿ ಆರ್ಥಡಾಕ್ಸರ ಸಭೆಗೆ ಮಾರ್ ಗ್ರೆಗೋರಿಯೋಸ್ ಮಹಾ ಇಡವಕ ಎಂದು ಹೆಸರು. ಈ ಗ್ರೆಗೋರಿಯೋಸರ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಬ್ರಹ್ಮಾವರದ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಮೊದಲಿಗೆ ಆರ್ಥಡಾಕ್ಸ್ ಎಂದರೇನು ಎಂಬ ಪ್ರಶ್ನೆ. ನಮ್ಮಲ್ಲಿ ಬಹಳ ಜನ ಕ್ರೈಸ್ತರೆಂದರೆ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೇವೆ. ಪೂರ್ವ ದಿಕ್ಕಿನ ಪ್ರಾಚೀನ ಸಭೆಗಳು ಬೇರೆಯೇ ಇವೆ. ರಷ್ಯ, ಗ್ರೀಸ್ ದೇಶಗಳ ಆರ್ಥಡಾಕ್ಸರು ಒಂದು ಕುಟುಂಬ. ಕ್ರಿ.ಶ. 451ರಲ್ಲಿ ಕಾಲ್ಸಿಡನ್ ಎಂಬಲ್ಲಿ ನಡೆದ ಧರ್ಮಸಭೆಯ ತೀರ್ಮಾನವನ್ನು ಒಪ್ಪದೆ ನಿಂತವರು ಇನ್ನೊಂದು ಕುಟುಂಬ: ಈಜಿಪ್ಟಿನ ಕಾಪ್ಟರು, ಆರ್ಮೇನಿಯದವರು, ಇಥಿಯೋಪಿಯದವರು, ಸಿರಿಯದವರು ಮತ್ತು ನಮ್ಮ ಮಲಂಕರ ಸಭೆಯವರು. ಮಲಂಕರ ಸಭೆಯ ನಂಬಿಕೆಯಂತೆ ಯೇಸುವಿನ ಶಿಷ್ಯ ಸಂತ ತೋಮರೇ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದು ಸಭೆಯನ್ನು ಸ್ಥಾಪಿಸಿದರು. ಇವರ ಆರಾಧನೆಯ ಮೂಲ ಭಾಷೆ ಸಿರಿಯಾಕ್. ಅದಕ್ಕೇ ಸಿರಿಯನ್ ಎಂಬ ಹೆಸರು.

ಹಾಗಾದರೆ ಕೇರಳದ ಈ ಸಭೆ ಕೊಂಕಣಿ ಮಾತನಾಡುವ ಬ್ರಹ್ಮಾವರದವರಿಗೆ ಹೇಗೆ ದಕ್ಕಿತು? ಇಲ್ಲಿಂದ ನಿಜವಾದ ಕಥೆ.

ನಮ್ಮ ಕರಾವಳಿಯ ಕ್ಯಾಥೊಲಿಕರಲ್ಲಿ ಬಹುಪಾಲು ಗೋವಾದಿಂದ ವಲಸೆ ಬಂದವರ ಸಂತತಿ. ಅವರ ಮೇಲಿನ ಧಾರ್ಮಿಕ ಅಧಿಕಾರ ಶತಮಾನಗಳ ಕಾಲ ಗೋವಾದ ಆರ್ಚ್‌ಬಿಷಪ್ಪರದಾಗಿತ್ತು. ಪೋರ್ಚುಗಲ್ ದೊರೆಗೆ ಪೋಪರು ಹಿಂದೆ ಕೊಟ್ಟಿದ್ದ ಈ ಹಕ್ಕಿಗೆ ಪದ್ರುವಾದೋ ಎಂದು ಹೆಸರು. ಪೋರ್ಚುಗಲ್ಲಿನ ಶಕ್ತಿ ಕುಂದಿದ ಮೇಲೆ ರೋಮಿನವರು ತಮ್ಮದೇ ಪ್ರೊಪಗಾಂಡ ಎಂಬ ಸಂಸ್ಥೆಯ ಮೂಲಕ ನೇರವಾಗಿ ಪಾದ್ರಿಗಳನ್ನು ಕಳಿಸತೊಡಗಿದರು. ಎರಡು ಅಧಿಕಾರಗಳ ನಡುವೆ ಎಳೆದಾಟ ಬಹಳ ಕಾಲ ನಡೆಯಿತು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಮತ್ತು ಪೋರ್ಚುಗಲ್ ಸರ್ಕಾರದ ನಡುವೆ ಒಂದು ಒಪ್ಪಂದವಾಯಿತು. ನಮ್ಮ ಕನ್ನಡ ಜಿಲ್ಲೆ ಗೋವಾದ ಕೈತಪ್ಪಿತು. ಮಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು.

ದೂರದ ಎರಡು ರಾಜಧಾನಿಗಳಲ್ಲಿ ಸಹಿ ಬಿತ್ತು. ಕಲ್ಯಾಣಪುರ, ಬ್ರಹ್ಮಾವರಗಳ ರೈತನನ್ನು ಯಾರೂ ಕೇಳಲಿಲ್ಲ. ತಲೆತಲಾಂತರದಿಂದ ಗೋವಾದ ಕಡೆ ಮುಖಮಾಡಿ ನಿಂತವರಿಗೆ ಇನ್ನು ಮುಂದೆ ಮಂಗಳೂರು ನಿಮ್ಮ ಪೀಠ ಎಂದು ಹೇಳಲಾಯಿತು. ಅನೇಕರು ಒಪ್ಪಿದರು. ಒಂದು ಗುಂಪು ಒಪ್ಪಲಿಲ್ಲ. ಅವರ ಬೇಡಿಕೆ ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ತಮ್ಮನ್ನು ಕೇಳದೆ ತಮ್ಮ ವಿಷಯ ತೀರ್ಮಾನವಾಯಿತು ಎಂಬ ನೋವು ಎಂಥದು ಎಂಬುದು ಮಾತ್ರ ಗಡಿನಾಡಿನಿಂದ ಬಂದ ನಮ್ಮ ಸಭಿಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನವರು ಇಲ್ಲಿ ಬಹಳ ಜನ ಇದ್ದೀರಿ.

ಆ ಗುಂಪಿಗೆ ದಿಕ್ಕಾದವರು ಇಬ್ಬರು. ಮೊದಲನೆಯವರು ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯರ್ ಆಲ್ವಾರಿಸ್. 1836ರಲ್ಲಿ ಗೋವಾದ ವೆರ್ಣಾದಲ್ಲಿ ಹುಟ್ಟಿದವರು. ಕ್ಯಾಥೊಲಿಕ್ ಪಾದ್ರಿಯಾಗಿದ್ದ ಇವರು ಪತ್ರಿಕೆಗಳನ್ನು ನಡೆಸಿ ಪೋರ್ಚುಗೀಸ್ ಆಡಳಿತವನ್ನು ಟೀಕಿಸಿದರು. ಕಾಲರಾ ಬಂದಾಗ ಅದರ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು. ಬಡವರ ಹಸಿವಿಗೆ ಮರಗೆಣಸು ಬೆಳೆಯಿರಿ ಎಂದು ಅದರ ಬೇಸಾಯವನ್ನು ಪ್ರಚಾರ ಮಾಡಿದರು. 1889ರ ಜುಲೈಯಲ್ಲಿ ಅವರು ಕೋಟ್ಟಯಂನಲ್ಲಿ ಅಂತಿಯೋಕ್ಯದ ಪಾತ್ರಿಯಾರ್ಕರ ಒಪ್ಪಿಗೆಯೊಡನೆ ಮಲಂಕರ ಸಭೆಯ ಬಿಷಪ್ಪರಿಂದ ದೀಕ್ಷೆ ಪಡೆದು ಮಾರ್ ಜೂಲಿಯಸ್ ಎಂಬ ಹೆಸರಿನ ಮೆತ್ರಾಪೊಲೀತರಾದರು. ಗೋವಾ, ಸಿಲೋನುಗಳೂ ಅವರ ವ್ಯಾಪ್ತಿಗೆ ಸೇರಿದ್ದವು. ಆ ದಿನ ಅವರ ಮೇಲೆ ಕೈಯಿಟ್ಟು ಹರಸಿದ ಬಿಷಪ್ಪರಲ್ಲಿ ಒಬ್ಬರು ಪರುಮಲದ ಮಾರ್ ಗ್ರೆಗೋರಿಯೋಸ್. 1902ರಲ್ಲಿ ತೀರಿಕೊಂಡ ಅವರನ್ನು 1947ರಲ್ಲಿ ಮಲಂಕರ ಸಭೆ ಸಂತರೆಂದು ಘೋಷಿಸಿತು. ರೂವಿಯ ಸಭೆ ಹೆಸರು ಹೊತ್ತಿರುವುದು ಇವರದೇ. ನೋಡಿ, ರೂವಿಗೂ ಬ್ರಹ್ಮಾವರಕ್ಕೂ ನಂಟು ಎಲ್ಲಿ ಬೆಸೆದುಕೊಂಡಿದೆ!

ಗೋವಾಕ್ಕೆ ಹಿಂದಿರುಗಿದ ಮಾರ್ ಜೂಲಿಯಸರು ಸುಖಪಡಲಿಲ್ಲ. ಸರ್ಕಾರ ಅವರನ್ನು ಬಂಧಿಸಿತು, ಬಿಷಪ್ಪರ ನಿಲುವಂಗಿಯನ್ನು ಕಳಚಿಸಿತು. ಅವರು ಪಣಜಿಯಲ್ಲಿ ಬಡವರ, ರೋಗಿಗಳ ಸೇವೆ ಮಾಡುತ್ತ ಮುದುಕರಾದರು. 1923ರ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಬಹಿಷ್ಕಾರಕ್ಕೆ ಒಳಗಾಗಿದ್ದವರಾದ್ದರಿಂದ ಕ್ಯಾಥೊಲಿಕ್ ವಿಧಿಗಳಿಲ್ಲದೆಯೇ ಮಣ್ಣಾದರು. ಆದರೂ ಅಂತ್ಯಯಾತ್ರೆಗೆ ಪಣಜಿಯ ಬಡಬಗ್ಗರೆಲ್ಲ ಬಂದಿದ್ದರು. ಈಗ ಅವರ ಅಸ್ಥಿ ರಿಬಂದರಿನ ಆರ್ಥಡಾಕ್ಸ್ ಇಗರ್ಜಿಯಲ್ಲಿದೆ.

ಎರಡನೆಯವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ. ಮಾರ್ ಜೂಲಿಯಸರಷ್ಟು ದೂರ ಇವರ ಹೆಸರು ಹೋಗಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ನಿಂತವರು ಇವರೇ. ಮಾರ್ ಜೂಲಿಯಸರ ಚಳವಳಿ ಮೂರು ಕಡೆ ಹಬ್ಬಿತ್ತು: ಸಿಲೋನ್, ಗೋವಾ ಮತ್ತು ಕನ್ನಡ ಜಿಲ್ಲೆ. 1892ರಲ್ಲಿ ಕೊಲಂಬೋದಲ್ಲಿ ಅವರು ಅಮೆರಿಕದಿಂದ ಬಂದ ಒಬ್ಬ ಪಾದ್ರಿಗೂ ಬಿಷಪ್ ದೀಕ್ಷೆ ಕೊಟ್ಟಿದ್ದರು. ಅಷ್ಟು ದೊಡ್ಡ ಹರವು. ಸಿಲೋನಿನ ಗುಂಪು ಕರಗಿ ಹೋಯಿತು. ಗೋವಾದಲ್ಲಿ ಬೆರಳೆಣಿಕೆಯಷ್ಟು ಜನ ಉಳಿದರು. ಗಟ್ಟಿಯಾಗಿ ಬೇರುಬಿಟ್ಟದ್ದು ಬ್ರಹ್ಮಾವರ ಒಂದೇ.

ಏಕೆ? ಉತ್ತರ ಸರಳ. ನೊರೊನ್ಹಾ ಪಾದ್ರಿಗಳು ಅಲ್ಲೇ ಇದ್ದರು. ಹೆಚ್ಚು ಕಡಿಮೆ ಅರ್ಧ ಶತಮಾನ ಅವರು ಬ್ರಹ್ಮಾವರ ಬಿಟ್ಟು ಕದಲಲಿಲ್ಲ. ಶಾಲೆ ತೆರೆದರು, ಬಡವರಿಗೆ ಆಸರೆಯಾದರು, ಹುಟ್ಟು ಮದುವೆ ಸಾವುಗಳಿಗೆ ಒದಗಿದರು. 1936ರ ಜುಲೈ 23ರಂದು ತೀರಿಕೊಂಡ ಅವರ ಸಮಾಧಿ ಬ್ರಹ್ಮಾವರದ ಇಗರ್ಜಿಯಲ್ಲೇ ಇದೆ. ಪ್ರತಿ ವರ್ಷ ಆ ದಿನ ಅವರ ಸ್ಮರಣೆ ನಡೆಯುತ್ತದೆ. ದೊಡ್ಡ ಮಾತಿನಿಂದ ಶುರುವಾದದ್ದು ಅಲ್ಲಿಯೇ ಉಳಿದು ಕೆಲಸ ಮಾಡಿದವನಿಂದ ಬಾಳಿತು. ಸಂಘ ಸಂಸ್ಥೆಗಳನ್ನು ಕಟ್ಟುವವರಾದ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಉಡುಪಿ ಜಿಲ್ಲೆಯವರಿಗೆಲ್ಲ ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜು ಗೊತ್ತು. ಈ ಸಭಾಂಗಣದಲ್ಲೂ ಅಲ್ಲಿ ಓದಿದವರು ಇದ್ದಾರೆ. ಆ ಮೂರು ಅಕ್ಷರಗಳು ಏನೆಂದು ಒಬ್ಬ ಹುಡುಗನನ್ನು ಕೇಳಿದೆ. ಮೊಬೈಲಿನ ಸಂದೇಶ ಎಂದ! ಸೈಂಟ್ ಮೇರೀಸ್ ಸಿರಿಯನ್ ಎಂದು ಬಿಡಿಸಿ ಹೇಳಿದರೆ, ಸಿರಿಯಾ ಎಲ್ಲಿ, ಬ್ರಹ್ಮಾವರ ಎಲ್ಲಿ ಎಂದು ಕಣ್ಣರಳಿಸಿದ. ಆ ಬೆರಗು ದೊಡ್ಡವರಾದ ನಮಗೂ ಬರಬೇಕಾಗಿತ್ತಲ್ಲವೇ?

ರಜೆಯಲ್ಲಿ ಊರಿಗೆ ಹೋದಾಗ ಒಂದು ಭಾನುವಾರ ಬೆಳಗ್ಗೆ ನಾನು ಆ ಇಗರ್ಜಿಗೆ ಹೋದೆ. ಭಕ್ತನಾಗಿ ಅಲ್ಲ, ಯಾತ್ರಿಕನಾಗಿ. ಹೊರಗೆ ಚಪ್ಪಲಿ ಬಿಡುವುದು ನಮ್ಮ ದೇವಸ್ಥಾನಗಳಂತೆಯೇ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿರುತ್ತಾರೆ. ಪಾಶ್ಚಾತ್ಯ ಇಗರ್ಜಿಗಳನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಲಿಪೀಠದ ಮುಂದಿನ ತೆರೆ. ಗರ್ಭಗುಡಿಯ ಮುಂದೆ ಪರದೆ ಇರುವುದಿಲ್ಲವೇ, ಹಾಗೆ. ಪಾದ್ರಿಗಳು ತೆರೆಯ ಒಳಗೆ ಸಿದ್ಧತೆಯ ಪ್ರಾರ್ಥನೆಗಳನ್ನು ಮುಗಿಸುತ್ತಾರೆ. ಆಮೇಲೆ ತೆರೆ ಸರಿಯುತ್ತದೆ. ಗೆಜ್ಜೆ ಕಟ್ಟಿದ ಧೂಪದಾನಿಯ ಸದ್ದು, ಧೂಪದ ಹೊಗೆ. ಆ ಹೊಗೆಯ ಪರಿಮಳ ಮೂಗಿಗೆ ಬಡಿದಾಗ ನನಗೆ ಮತ್ರಾಹ್ ಸೂಕಿನಲ್ಲಿ ನಿಂತಂತಾಯಿತು. ಢೊಫಾರಿನ ಲುಬಾನ್ ಸಾವಿರಾರು ವರ್ಷಗಳಿಂದ ಲೋಕದ ಆರಾಧನಾಲಯಗಳಿಗೆ ಹೋದ ಸರಕು. ಒಮಾನಿನ ಮರದ ಅಂಟು ಯಾರ ದೇವರಿಗೂ ಬೇಡವಾಗಿಲ್ಲ.

ಆರಾಧನೆಗೆ ಅವರು ಕುರ್ಬಾನ ಎನ್ನುತ್ತಾರೆ. ಈ ಮಾತು ಇಲ್ಲಿನವರಿಗೆ ಹೊಸದೇ? ಬಕ್ರೀದಿನ ಕುರ್ಬಾನಿ ಎಂಬ ಮಾತೂ ಅದೇ ಬೇರಿನದು. ಸಿರಿಯಾಕ್ ಮತ್ತು ಅರಬ್ಬೀ ಅಕ್ಕತಂಗಿ ಭಾಷೆಗಳು. ಅವರ ಶ್ಲೋಮೊ ಇಲ್ಲಿನ ಸಲಾಂ. ಅವರು ದೇವರನ್ನು ಆಲೋಹೊ ಎನ್ನುತ್ತಾರೆ. ಇಲ್ಲಿ ಏನೆನ್ನುತ್ತಾರೆಂದು ನಿಮಗೆ ದಿನಕ್ಕೆ ಐದು ಬಾರಿ ಕೇಳಿಸುತ್ತದೆ. ಬ್ರಹ್ಮಾವರದವರು ಮೊದಮೊದಲು ತಮಗೆ ರೂಢಿಯಿದ್ದ ಲ್ಯಾಟಿನ್ ಕ್ರಮದಲ್ಲೇ ಆರಾಧನೆ ನಡೆಸಿದರು. ಕ್ರಮೇಣ ಸಿರಿಯಾಕ್ ಕ್ರಮ ನೆಲೆಗೊಂಡಿತು. ಇಂದು ಆ ಕ್ರಮ ಕೊಂಕಣಿಯಲ್ಲೂ ಕನ್ನಡದಲ್ಲೂ ನಡೆಯುತ್ತದೆ. ಕೊಂಕಣಿಯನ್ನು ಅವರು ಓದುವುದು ಕನ್ನಡ ಲಿಪಿಯಲ್ಲಿ. ಸಿರಿಯದ ಧರ್ಮಗುರುಗಳು ರಚಿಸಿದ ಪ್ರಾರ್ಥನೆ, ಕೇರಳದ ದಾರಿಯಾಗಿ ಬಂದು, ಗೋವಾದ ಭಾಷೆಯಲ್ಲಿ, ನಮ್ಮ ಅ ಆ ಇ ಈಗಳಲ್ಲಿ! ಇಂಥ ಒಂದು ಕೂಡಲಸಂಗಮವನ್ನು ನೋಡಲು ಯುರೋಪಿಗೆ ಟಿಕೆಟು ತೆಗೆಯಬೇಕೆ?

ಮಧ್ಯದಲ್ಲಿ ಒಂದು ಗಳಿಗೆ ಬರುತ್ತದೆ. ಪೀಠದಿಂದ ಪಡೆದ ಶಾಂತಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಾರೆ. ಎರಡು ಕೈಗಳ ನಡುವೆ ನಮ್ಮ ಕೈಗಳನ್ನು ಹಿಡಿದು ಬಿಡುತ್ತಾರೆ, ನಾವು ಪಕ್ಕದವರಿಗೆ ಹಾಗೆಯೇ ಮಾಡಬೇಕು. ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದ ನನ್ನ ಬಳಿಗೂ ಒಬ್ಬ ವೃದ್ಧರು ಬಂದು ಕೈ ಹಿಡಿದರು. ಪೂಜೆ ಮುಗಿದ ಮೇಲೆ, "ಊರು ಎಲ್ಲಾಯ್ತು?" ಎಂದರು. ಇರುವುದು ಮಸ್ಕತ್ತಿನಲ್ಲಿ ಎಂದೆ. "ಹೌದಾ, ನಮ್ಮ ಮಗಳ ಮನೆ ರೂವಿಯಲ್ಲೇ" ಎಂದು ನಕ್ಕರು. ಇಬ್ಬರೂ ಮಾತನಾಡಿದ್ದು ಕನ್ನಡದಲ್ಲಿ.

ಕರಾವಳಿಗೂ ಮಸ್ಕತ್ತಿಗೂ ಈ ಹೋಗುಬರುವಿಕೆ ಗಲ್ಫ್ ವೀಸಾದೊಂದಿಗೆ ಹುಟ್ಟಿದ್ದಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರು ಬ್ರಹ್ಮಾವರದ ಮಗ್ಗುಲಲ್ಲೇ ಇದೆ. ಕುಂದಾಪುರದ ಬಳಿಯ ಬಸರೂರು ಹೆಸರಾಂತ ರೇವು. ಕೆಳದಿ ನಾಯಕರ ಕಾಲದಲ್ಲಿ ಬಸರೂರು, ಮಂಗಳೂರುಗಳ ಅಕ್ಕಿ ಹಡಗಿನಲ್ಲಿ ಮಸ್ಕತ್ತಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನನಿಗೆ ಇಲ್ಲಿ ವ್ಯಾಪಾರದ ಕೋಠಿಯೇ ಇತ್ತು. ಗೋವಾ, ಬಸರೂರುಗಳಲ್ಲಿ ಕೋಟೆ ಕಟ್ಟಿದ ಪೋರ್ಚುಗೀಸರೇ ಮಸ್ಕತ್ತನ್ನೂ ಹಿಡಿದಿದ್ದರು. ಅರಮನೆಯ ಎರಡು ಕಡೆ ನಿಂತಿರುವ ಜಲಾಲಿ, ಮೀರಾನಿ ಕೋಟೆಗಳು 1580ರ ದಶಕದಲ್ಲಿ ಅವರು ಕಟ್ಟಿದವು. 1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫರು ಅವರನ್ನು ಇಲ್ಲಿಂದ ಓಡಿಸಿದರು. ಕರಾವಳಿಯಲ್ಲಿ ಅವರು ಬಿಟ್ಟುಹೋದ ಮಾತುಗಳು ನಮ್ಮ ಬಾಯಲ್ಲಿವೆ. ಇಗರ್ಜಿ, ಪಾದ್ರಿ, ಜನೇಲು, ಬಟಾಟೆ, ಚಾವಿ, ಇವೆಲ್ಲ ಪೋರ್ಚುಗೀಸರಿಂದ ಬಂದವು. ಅವರನ್ನು ಎದುರಿಸಿ ನಿಂತ ಮಾರ್ ಜೂಲಿಯಸರ ಕಥೆ ಮಾತ್ರ ನಮ್ಮ ಬಾಯಲ್ಲಿ ಉಳಿಯಲಿಲ್ಲ.

ಇನ್ನು ಹೋಗಬಯಸುವವರಿಗೆ ನಾಲ್ಕು ಮಾತು. ಬ್ರಹ್ಮಾವರ ಈಗ ತಾಲ್ಲೂಕು ಕೇಂದ್ರ, ಮೊದಲು ಹದಿನೇಳನೆಯ ಸಂಖ್ಯೆಯದಾಗಿದ್ದು ಈಗ ಅರುವತ್ತಾರು ಆಗಿರುವ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ಬಾರಕೂರು ನಿಲ್ದಾಣ ಹತ್ತಿರ. 2010ರಲ್ಲಿ ಮಲಂಕರ ಸಭೆ ಬ್ರಹ್ಮಾವರವನ್ನೇ ಕೇಂದ್ರ ಮಾಡಿ ಪ್ರತ್ಯೇಕ ಧರ್ಮಪ್ರಾಂತ್ಯ ರಚಿಸಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಕೆಲವೇ ಕಿಲೋಮೀಟರು ದೂರದಲ್ಲಿದೆ. 2012ರಲ್ಲಿ ಉಡುಪಿ ಕ್ಯಾಥೊಲಿಕ್ ಧರ್ಮಪ್ರಾಂತ್ಯವಾದಾಗ ಅದೂ ಕೆಥೆಡ್ರಲ್ ಆಯಿತು. ಒಂದು ಬೆಳಗ್ಗೆ ಎರಡನ್ನೂ ನೋಡಬಹುದು. 1886ರಲ್ಲಿ ಎರಡು ದಾರಿ ಹಿಡಿದ ಒಂದೇ ಜನ ಏನೇನು ಕಟ್ಟಿದರು ಎಂಬುದು ಕಣ್ಣಿಗೆ ಕಾಣುತ್ತದೆ. ಪೂಜೆಯ ಹೊತ್ತಿನಲ್ಲಿ ಹೋದರೆ ಹಿಂದೆ ನಿಲ್ಲಿ. ಕ್ಯಾಮೆರಾ ತೆಗೆಯುವ ಮೊದಲು ಕೇಳಿ. ಅವರು ಸ್ವೀಕರಿಸುವ ಪ್ರಸಾದ ಅವರ ದೀಕ್ಷೆ ಪಡೆದವರಿಗೆ ಮಾತ್ರ. ಸರದಿಯಲ್ಲಿ ಹೋಗಿ ನಿಲ್ಲಬೇಡಿ. ಸುಲ್ತಾನ್ ಖಾಬೂಸ್ ಮಸೀದಿಗೆ ಊರಿನಿಂದ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವಾಗ ತಲೆಗೆ ಬಟ್ಟೆ ಹೊದಿಸಿ, ದನಿ ತಗ್ಗಿಸಿ ಎಂದು ನಾವೇ ಹೇಳುತ್ತೇವಲ್ಲ. ಆ ಸೌಜನ್ಯ ಊರಿನಲ್ಲೂ ಇರಲಿ ಎಂಬುದಷ್ಟೇ ನನ್ನ ಮಾತು.

ಕೊನೆಯದಾಗಿ, ಇದನ್ನು ಕನ್ನಡ ಸಂಘದ ವೇದಿಕೆಯಲ್ಲಿ ಏಕೆ ಹೇಳಿದೆ ಎಂಬುದು. ಕೊಂಕಣಿಯವರ ಇಗರ್ಜಿಯ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಸಭೆಯನ್ನೊಮ್ಮೆ ನೋಡಿ. ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಉರ್ದು ಆಡುವವರು, ಕನ್ನಡವನ್ನೇ ಕುಂದಾಪುರದ ರೀತಿ, ಧಾರವಾಡದ ರೀತಿ, ಮೈಸೂರಿನ ರೀತಿ ಆಡುವವರು ಎಲ್ಲ ಇಲ್ಲಿದ್ದೀರಿ. ಮನೆಮಾತು ಕನ್ನಡವಾದವರನ್ನು ಮಾತ್ರ ಲೆಕ್ಕ ಹಿಡಿದರೆ ಈ ಸಂಘದ ಅರ್ಧ ಕುರ್ಚಿಗಳು ಖಾಲಿಯಾಗುತ್ತವೆ. ಉಳಿದ ಅರ್ಧ ಬಂದು ಕುಳಿತಿರುವುದು ಕನ್ನಡ ಅವರೆಲ್ಲರಿಗೂ ಅಂಗಳವಾದ್ದರಿಂದ. ಬ್ರಹ್ಮಾವರದವರು ತಮ್ಮ ಪ್ರಾರ್ಥನೆಯನ್ನು ನಮ್ಮ ಲಿಪಿಯಲ್ಲಿ ಬರೆದುಕೊಂಡಿದ್ದಾರೆ. ನಾವು ಅವರ ಕಥೆಯನ್ನು ನಮ್ಮ ಕಥೆಯೊಳಗೆ ಬರೆದುಕೊಳ್ಳದಿದ್ದರೆ ಆ ಲೆಕ್ಕ ಸರಿಹೋಗುವುದಿಲ್ಲ.

ನಮ್ಮ ಮಕ್ಕಳು ಇಲ್ಲಿ ಹುಟ್ಟಿ, ಇಲ್ಲಿ ಓದಿ, ನಾಳೆ ಬೇರೆ ದೇಶಗಳಿಗೆ ಹೋಗುವವರು. ಅವರಿಗೆ ಊರೆಂದರೆ ಅಜ್ಜಿಯ ಮನೆ, ಮಾವಿನಹಣ್ಣು, ಮಳೆ. ಅದು ಸರಿಯೇ. ಆದರೆ ನಮ್ಮೂರಿನಲ್ಲೂ ಲೋಕದ ಇತಿಹಾಸ ನಡೆದಿದೆ, ಒಂದು ಸಣ್ಣ ಊರಿನ ಜನ ತಮಗೆ ಸರಿ ಕಂಡದ್ದಕ್ಕಾಗಿ ಬಹಿಷ್ಕಾರವನ್ನು ಹೊತ್ತು ಬಾಳಿದ್ದಾರೆ ಎಂಬುದೂ ಅವರಿಗೆ ಗೊತ್ತಿರಲಿ. ಶುಕ್ರವಾರದ ಕನ್ನಡ ತರಗತಿಯಲ್ಲಿ ಈ ರಜೆಯ ನಂತರ ಪ್ರತಿಯೊಂದು ಮಗುವೂ ತನ್ನ ಊರಿನ ಒಂದು ಆರಾಧನಾಲಯದ ಬಗ್ಗೆ ಒಂದು ಪುಟ ಬರೆದು ತರಲಿ. ಒಂದೇ ಷರತ್ತು, ಅದು ತನ್ನ ಮನೆಯವರ ಧರ್ಮದ್ದಾಗಿರಬಾರದು. ಶಿಕ್ಷಕಿಯರು ಒಪ್ಪಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಪುಟಗಳನ್ನು ಅಚ್ಚು ಹಾಕೋಣ.

ನೊರೊನ್ಹಾ ಪಾದ್ರಿಗಳಂತೆ ಒಂದೆಡೆ ಐವತ್ತು ವರ್ಷ ನಿಲ್ಲುವ ಭಾಗ್ಯ ಪರದೇಶದಲ್ಲಿರುವ ನಮಗಿಲ್ಲ. ಕರಾರು ಮುಗಿದ ದಿನ ಹೊರಡುವವರು ನಾವು. ಆದ್ದರಿಂದಲೇ ಸಂಘ ಬೇಕು. ಒಬ್ಬರು ಹೊರಟಾಗ ಇನ್ನೊಬ್ಬರು ಆ ಜಾಗದಲ್ಲಿ ಬಂದು ನಿಂತರೆ ಐವತ್ತು ವರ್ಷ ತುಂಬುತ್ತದೆ.